ಬಿಳಿ ಡಾಕ್ಟರ ಕೈಗುಣ

ಆಗ ನಾನು ಬಳ್ಳಾರಿಯಲ್ಲಿ ಕಾಲೇಜು ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಮನೆಯವರ ನಂಬಿಕೆ. ನನ್ನ ಅಸಲಿ ಕೆಲಸ ಮಂದಿಯ ದನಿ ಕದಿಯುವುದು. ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ ಕೂಗು, ಹುಡುಗಿಯರ ಮುಂದೆ ನಾನೇ ತೊದಲುವ ಚೆಂದ, ಯಾವುದನ್ನೂ ಬಿಡುತ್ತಿರಲಿಲ್ಲ. ಕುರುಗೋಡಿನ ಮದುವೆಯೊಂದರಲ್ಲಿ ಬೀಗರ ನಗುವನ್ನು ಬೀಗರೆದುರೇ ನಕ್ಕು ತೋರಿಸಿ, ಊಟದ ಪಂಕ್ತಿಯಿಂದ ಎದ್ದು ಓಡಿದ್ದೂ ಉಂಟು.

ಎಪ್ಪತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ಸಿರುಗುಪ್ಪದ ಸೋದರತ್ತೆಯ ಮನೆಗೆ ಹೋದೆ. ಅಲ್ಲಿನ ಶಾಲೆಯೊಂದರಲ್ಲಿ ಕಣ್ಣಿನ ಕ್ಯಾಂಪು ನಡೆದಿತ್ತು. ಪರದೇಶದ ಡಾಕ್ಟರೊಬ್ಬರು ಬಂದು ಪುಕ್ಕಟೆ ಪೊರೆ ತೆಗೆಯುತ್ತಿದ್ದರು. ಅತ್ತೆಗೆ ಎರಡೂ ಕಣ್ಣಿಗೆ ಪೊರೆ. ಒಂದಕ್ಕೆ ಆಪರೇಷನ್ ಆಯಿತು. ಡಾಕ್ಟರಿಗೆ ಯಾರೋ ಅರ್ಧ ತೆಲುಗು, ಅರ್ಧ ಕನ್ನಡ ಕಲಿಸಿದ್ದರು. “ಅಮ್ಮಾ, ನೊಪ್ಪಿ ಲೇದು. ನೋವು ಇಲ್ಲ. ಅಂಜ ಬೇಡಿ,” ಅನ್ನುತ್ತಿದ್ದರು. ಸಂಜೆಯೊಳಗೆ ಆ ದನಿ ನನ್ನ ಗಂಟಲಿಗಿಳಿದಿತ್ತು. ಅತ್ತೆಯ ಹಾಸಿಗೆಯ ಪಕ್ಕ ನಿಂತು ಆ ಮಾತನ್ನು ಆ ದನಿಯಲ್ಲೇ ಹೇಳಿದೆ.

“ನಗಸಬ್ಯಾಡಲೇ ಮೂಳಾ, ಹೊಲಿಗಿ ಬಿಚ್ಚಿದ್ರ ನಿನ್ನ ಕಡಿಂದನ ಹಾಕಸ್ತೀನಿ!” ಅಂದಳು.

ಫೋಟೊ ತೆಗೆಸಿಕೊಂಡು ಕ್ಯಾಂಪು ಹೊರಟುಹೋಯಿತು. ಆಮೇಲೆ ಅತ್ತೆಯ ಕಣ್ಣು ಬಾತಿತು, ಕೀವು ಸೋರತೊಡಗಿತು. ಊರಿನ ಡಾಕ್ಟರು ಬಂದರು.

“ಬಳ್ಳಾರಿ ದವಾಖಾನಿಗೆ ಒಯ್ರಿ. ಅವರು ಏನ್ ಹಾಕ್ಯಾರ, ಏನ್ ಹೊಲದಾರ, ನನಗೇನು ಗೊತ್ರಿ? ನನ್ನನ್ನ ಒಂದು ಮಾತು ಕೇಳಿಲ್ಲ.”

ಅತ್ತೆ ಒಪ್ಪಲಿಲ್ಲ. ನಮ್ಮ ಕಡೆ ಡಾಕ್ಟರ ಓದಿಗಿಂತ ಅವರ ಕೈಗುಣದ ಮೇಲೆ ನಂಬಿಕೆ ಹೆಚ್ಚು. ಒಬ್ಬರ ಕೈ ಒಗ್ಗಿತೆಂದರೆ ನಡುವೆ ಇನ್ನೊಬ್ಬರ ಕೈ ಹಚ್ಚಿಸುವುದಿಲ್ಲ.

“ಪಟ್ಟಿ ಕಟ್ಟಿದ ಕೈನ ಅದನ್ನ ಬಿಚ್ಚಬೇಕು. ಅವರು ಬರ್ಲಿ,” ಅಂದಳು. ಜ್ವರದಲ್ಲೂ ಅದೇ ಮಾತು.

ಕೊನೆಗೆ ಮಾವ ನನ್ನನ್ನು ಹಿತ್ತಿಲಿಗೆ ಎಳೆದೊಯ್ದರು. “ಲೇ, ನೀನ ಆ ಡಾಕ್ಟ್ರಾಗು.”

ಮಾವನ ಬೂಟು ಮೆಟ್ಟಿಕೊಂಡು ಸದ್ದು ಮಾಡುತ್ತ ಒಳಗೆ ಬಂದೆ. “ಅಮ್ಮಾ, ನೊಪ್ಪಿ ಲೇದು. ಬಳ್ಳಾರಿ ಹೋಗಿ. ನಾನು ಹೇಳ್ತೀನಿ.”

ಅತ್ತೆ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಆಮೇಲೆ, “ಬಂದ್ರೇನ್ರಿ,” ಅಂದು ಎದ್ದು ಕೂತಳು.

ಬಳ್ಳಾರಿಯಲ್ಲಿ ಕಣ್ಣು ಉಳಿಯಲಿಲ್ಲ. ತೆಗೆದರು.

ಆ ಬಿಳಿ ಡಾಕ್ಟರು ಕೆಟ್ಟವರಲ್ಲ. ಅವರಿಂದ ದೃಷ್ಟಿ ಬಂದವರು ಆ ಊರಲ್ಲಿ ಬಹಳ ಮಂದಿ ಇದ್ದರು. ಕಣ್ಣು ಕೊಯ್ಯುವುದು ಅವರ ಕೆಲಸವಾಗಿತ್ತು. ಕೊಯ್ದ ಕಣ್ಣನ್ನು ಮುಂದಿನ ತಿಂಗಳು ನೋಡುವುದು ಯಾರ ಕೆಲಸ ಎಂದು ಅವರೂ ಕೇಳಲಿಲ್ಲ, ಕರೆಸಿದವರೂ ಕೇಳಲಿಲ್ಲ.

ಅತ್ತೆಯನ್ನು ಮನೆಗೆ ಕರೆತಂದ ಮರುದಿನ ಬಾಗಿಲ ಮುಂದೆ ಟ್ರ್ಯಾಕ್ಟರ್ ನಿಂತಿತು. ಡಾಕ್ಟರ್ ಸಾಹೇಬರು ಮತ್ತೆ ಬಂದು ಅತ್ತೆಯನ್ನು ಮಾತಾಡಿಸಿದರೆಂಬ ಸುದ್ದಿ ಓಣಿ ದಾಟಿ ಹಚ್ಚೊಳ್ಳಿ ಊರನ್ನೂ ಮುಟ್ಟಿತ್ತು. ಟ್ರೇಲರಿನಲ್ಲಿ ಅದೇ ಕ್ಯಾಂಪಿನಲ್ಲಿ ಪಟ್ಟಿ ಕಟ್ಟಿಸಿಕೊಂಡ ಮುದುಕರು, ಮುದುಕಿಯರು. ಪಟ್ಟಿಯಿಲ್ಲದ ಕಣ್ಣೂ ಮಬ್ಬು. ಕೀವಿನ ವಾಸನೆ ಅಂಗಳಕ್ಕೆ ಬಂತು.

“ಸಾಹೇಬ್ರು ಒಳಗ ಅದಾರೇನಪಾ?”

“ಇಲ್ರಿ ಅಜ್ಜಾರ, ಯಾರೂ ಬಂದಿಲ್ಲ. ನೀವು ಬಳ್ಳಾರಿಗೆ ಹೋಗ್ರಿ.”

“ನೀ ಯಾರಲೇ ಹೇಳಾಕ? ಅವರು ಊಟ ಮಾಡ್ಲಿ. ನಾವು ಕಾಯ್ತೀವಿ.”

ಪಟ್ಟಿ ಕಟ್ಟಿದ ಮುಖಗಳೆಲ್ಲ ಬಾಗಿಲಿಗೆ ತಿರುಗಿದವು. ನನಗೆ ಓಡಿಹೋಗಬೇಕೆನಿಸಿತು. ಆಗ ಒಳಗಿನಿಂದ ಅತ್ತೆ ಮೆಲ್ಲಗೆ ಕರೆದಳು.

“ನನಗ ಹೇಳಿದಂಗ ಅವರಿಗೂ ಹೇಳಲೇ. ತಡಾ ಆದ್ರ ಎಲ್ಲಾರೂ ನನ್ನಂಗ ಆಗ್ತಾರ.”

ಅವಳಿಗೆ ಗೊತ್ತಿತ್ತು.

ಬೂಟು ಮೆಟ್ಟಿಕೊಂಡು ಹೊರಗೆ ಬಂದೆ. ಟ್ರ್ಯಾಕ್ಟರ್ ಹೊಡೆಯುವ ಹುಡುಗನ ಕಣ್ಣುಗಳು ಚೆನ್ನಾಗಿದ್ದವು. ನನ್ನನ್ನು ನೋಡಿ ತಲೆ ತಗ್ಗಿಸಿದ. ನಾನು ಆ ದನಿಯಲ್ಲಿ ಬಳ್ಳಾರಿಗೆ ಹೋಗಿ ಎಂದೆ. ಟ್ರೇಲರಿನ ತುಂಬ ಉಸಿರು ಬಿಟ್ಟ ಸದ್ದು.

“ನೀವೂ ನಮ್ಮ ಜೋಡಿ ಬರ್ತೀರಲ್ರಿ ಸಾಹೇಬ್ರ?” ಅಂದಳೊಬ್ಬ ಮುದುಕಿ.

ಟ್ರೇಲರ್ ಹತ್ತಿ ಅವಳ ಪಕ್ಕ ಕೂತೆ. ಬಳ್ಳಾರಿ ಮುಟ್ಟುವವರೆಗೂ ತುಟಿ ಬಿಚ್ಚಲಿಲ್ಲ. ನನ್ನ ಸ್ವಂತ ದನಿ ಕೇಳಿಸಿದರೆ ಅವರು ಇಳಿದುಬಿಡುತ್ತಿದ್ದರು.