ಅಣ್ಣ ಹಣ್ಣಾದ ಕಾದಂಬರಿ

ಅಕ್ಕನ ಬಲಗೈಯ ತೋರುಬೆರಳು ಮೇಲಿನ ಗೆಣ್ಣಿನಲ್ಲಿ ಎಡಕ್ಕೆ ಬಾಗಿತ್ತು. ಚಿಕ್ಕಂದಿನಲ್ಲಿ ಒರಳುಕಲ್ಲಿಗೆ ಸಿಕ್ಕಿತ್ತಂತೆ. ಆ ಬೆರಳನ್ನು ಕೀಬೋರ್ಡಿಗೆ ತಾಗಿಸದೆ ಮೇಲೆತ್ತಿ ಹಿಡಿದು, ಉಳಿದ ಬೆರಳುಗಳಲ್ಲೇ ಟೈಪು ಮಾಡುತ್ತಿದ್ದರು. ಎದುರಿಗೆ ಕೂತವರಿಗೆ ಅವರು ಕಂಪ್ಯೂಟರನ್ನು ಗದರಿಸುತ್ತಿರುವ ಹಾಗೆ ಕಾಣುತ್ತಿತ್ತು. ನಂಜನಗೂಡಿನ ತಾಲ್ಲೂಕು ಕಚೇರಿಯ ಎದುರು ಸಾಲಿನಲ್ಲಿ ಅವರ ಅಂಗಡಿ. ಖಾತೆ ಬದಲಾವಣೆಯ ಅರ್ಜಿ, ಲಗ್ನಪತ್ರಿಕೆ, ತಿಥಿ ಕಾರ್ಡು, ಜೆರಾಕ್ಸು. ಊರಿಗೆಲ್ಲ ಅವರು ಡಿಟಿಪಿ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವರಾದ್ದರಿಂದ ನನಗೂ ಅಕ್ಕನೇ.

ನಾನು ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತ. ಕೆಲಸಕ್ಕೆ ಹೊರಡುವ ಮೊದಲಿನ ಎರಡು ಗಂಟೆ ಮಾತ್ರ ಕಾದಂಬರಿಕಾರ. ಕಾದಂಬರಿಕಾರನ ದುಡಿಮೆಯಲ್ಲಿ ಬರೆಯುವುದು ಕಾಲು ಪಾಲೂ ಇರುವುದಿಲ್ಲ. ಬರೆದದ್ದನ್ನು ಟೈಪು ಮಾಡಿಸಬೇಕು, ಕರಡು ತಿದ್ದಬೇಕು, ಪ್ರಕಾಶಕರಿಗೆ ಫೋನು ಮಾಡಬೇಕು, ಅವರು ಎತ್ತದಿದ್ದರೆ ನಾಳೆ ಮತ್ತೆ ಮಾಡಬೇಕು. ಕೊನೆಗೆ ಸಂಭಾವನೆಯ ಬದಲು ಕೊಟ್ಟ ಪುಸ್ತಕದ ಕಟ್ಟನ್ನು ಮೈಸೂರಿನ ಬಸ್ಸಿನಲ್ಲಿ ಹೊತ್ತು ತಂದು ಮಂಚದ ಕೆಳಗೆ ತಳ್ಳಬೇಕು. ಮನೆಯಲ್ಲಿ ಯಾರೂ ನನ್ನ ಕಾದಂಬರಿ ಓದಿದವರಲ್ಲ. ಪ್ರಕಾಶಕರೂ ಓದಿದ್ದರೆಂದು ನನಗೆ ನಂಬಿಕೆಯಿಲ್ಲ. ಅಕ್ಷರ ಅಕ್ಷರವನ್ನೂ ಓದುತ್ತಿದ್ದವರು ಅಕ್ಕ ಒಬ್ಬರೇ.

ಸಂಭಾಷಣೆ ಬಂದಾಗ ಅದನ್ನು ಮೆಲ್ಲಗೆ ಬಾಯಲ್ಲಿ ಹೇಳಿಕೊಂಡೇ ಟೈಪು ಮಾಡುತ್ತಿದ್ದರು. ಒಮ್ಮೆ ಕೈ ನಿಲ್ಲಿಸಿ, “ಸಾ, ಈ ಯಮ್ಮ ಸೋಮವಾರದಿಂದ ಹೂಟಾನೇ ಮಾಡಿಲ್ವಲ್ಲ?” ಎಂದರು. ಹುಡುಕಿದರೆ ನಿಜ. ನನ್ನ ನಾಯಕಿ ಮೂರು ಅಧ್ಯಾಯಗಳಿಂದ ಬರೀ ಯೋಚನೆ ಮಾಡಿಕೊಂಡೇ ಇದ್ದಳು. ಅವತ್ತು ಅವಳಿಗೆ ಮುದ್ದೆ, ಉಪ್ಪೆಸರು ಬರೆದುಕೊಟ್ಟೆ. ಅಕ್ಕ “ಈಗ ಸರಿಹೋಯ್ತು” ಎಂದು ಮುಂದಕ್ಕೆ ಹೋದರು.

ಅಕ್ಕ ಊಟಕ್ಕೆ ಹೂಟ ಎನ್ನುತ್ತಿದ್ದರು, ಆಫೀಸಿಗೆ ಹಾಫೀಸು. ಗಿರಾಕಿಗಳ ಮುಂದೆ ಬಲು ಎಚ್ಚರಿಕೆಯಿಂದ ಮಾತಾಡುವಾಗ ಹೀಗಾಗುತ್ತಿತ್ತು. ತಾಯಿಗೆ ಫೋನು ಮಾಡಿದರೆ ಮಾತ್ರ “ಅವ್ವ, ಆಲು ಕುಡುದ್ಯಾ?” ಎಂದು ಸಲೀಸಾಗಿ ಬಾಯಿ ಬಿಡುತ್ತಿದ್ದರು. ನಾನು ಆ ಹಾಫೀಸನ್ನು ಗೆಳೆಯರ ಮುಂದೆ ಅಣಕಿಸಿ ನಗಿಸಿದ್ದೇನೆ. ಹೇಳಲು ನಾಚಿಕೆಯಾಗುತ್ತದೆ.

ನನ್ನ ಮೂರನೆಯ ಕಾದಂಬರಿ ಕಳಲೆಯ ಒಬ್ಬ ಅಣ್ಣ ತಂಗಿಯದು. ಕಳಲೆ ನನ್ನ ಹುಟ್ಟೂರು. ಮಾತೆಲ್ಲ ನಮ್ಮ ಕಡೆಯ ಮಾತು: ಹಳ್ಳಿ ಅಳ್ಳಿ, ಹೋಗು ಓಗು, ಹಣ ಅಣ. ಗ್ರಂಥಾಲಯ ಇಲಾಖೆಯ ಪುಸ್ತಕ ಖರೀದಿಯ ಆಯ್ಕೆಗೆ ಸೇರಬೇಕಾದರೆ ಪುಸ್ತಕ ಆ ವರ್ಷದೊಳಗೆ ಅಚ್ಚಾಗಬೇಕಿತ್ತು. ಆಯ್ಕೆಯಾದರೆ ಊರೂರಿನ ಕಪಾಟಿಗೆ ಹೋಗುತ್ತದೆ, ಇಲ್ಲದಿದ್ದರೆ ಮಂಚದ ಕೆಳಗೆ. ಆ ಪುಸ್ತಕವನ್ನು ನಾನು ಆರು ವರ್ಷ ಕೂತು ಬರೆದಿದ್ದೆ. ಕೊನೆಯ ಕರಡು ತಿದ್ದಿ, ಫೈಲನ್ನು ಪ್ರಕಾಶಕರಿಗೆ ಕಳಿಸಿಬಿಡಿ ಅಕ್ಕ ಎಂದು ಹೇಳಿ ಮನೆಗೆ ಬಂದೆ.

ಪುಸ್ತಕ ಬಂದು ವಾರವಾಗಿರಲಿಲ್ಲ, ಓದುಗರೊಬ್ಬರ ಫೋನು. “ಸಾರ್, ಅಣ್ಣ ಸತ್ತಾಗ ಆ ತಂಗಿ ಹಣ್ಣು ಯಾಕೆ ಕೇಳ್ತಾಳೆ?”

ತೆಗೆದು ನೋಡಿದೆ. ಹೆಣದ ಮೇಲೆ ಬಿದ್ದು ತಂಗಿ “ಹಣ್ಣಾ, ಹಣ್ಣಾ” ಎಂದು ಅಳುತ್ತಿದ್ದಳು. ಅಳ್ಳಿಯೆಲ್ಲ ಹಳ್ಳಿ, ಓಗೆಲ್ಲ ಹೋಗು. ‘ಅಣ’ ಎಂದು ಕಂಡಲ್ಲೆಲ್ಲ ‘ಹಣ’ ಮಾಡು ಎಂದು ಅಕ್ಕ ಕಂಪ್ಯೂಟರಿಗೆ ಒಂದೇ ಏಟಿಗೆ ಹೇಳಿದ್ದರು. ಅದು ಅಣ್ಣಂದಿರನ್ನೂ ಬಿಡದೆ ಹಣ್ಣು ಮಾಡಿತ್ತು.

ಪುಸ್ತಕ ಹಿಡಿದು ಹೋದಾಗ ಅಕ್ಕನ ಅಂಗಡಿಯಲ್ಲಿ ಜನ ತುಂಬಿದ್ದರು. ನಾನು ಲೆಕ್ಕಿಸಲಿಲ್ಲ. “ನಿಮ್ಮನ್ನ ಯಾರು ತಿದ್ದೋಕೆ ಹೇಳಿದ್ದು? ಟೈಪು ಮಾಡಿ ಅಂದ್ರೆ ಟೈಪು ಮಾಡ್ಬೇಕು, ಅಷ್ಟೆ!”

ಅಕ್ಕ ಪುಟ ನೋಡಿದರು. “ಓದೋರು ನಗ್ತಾರೆ ಅಂತ ಸಾ.”

“ಯಾರು ನಗ್ತಾರೆ?”

“ನಮ್ಮೂರು ಸೋಮನಾಥಪುರದ ತಾವ ಸಾ. ನರಸೀಪುರದ ಐಸ್ಕೂಲ್ಗೆ ಸೇರ್ದಾಗ ಮೊದುಲ್ನೇ ದಿನ್ವೇ ಎದ್ದು ಓದು ಅಂದ್ರು. ಹಸು ಅನ್ನಾಕೆ ಅಸು ಅಂದೆ. ಕ್ಲಾಸೇ ನಕ್ಬುಡ್ತು. ನಾಳೀಕೆ ತಪ್ಪಾಗ್ಬಾರ್ದು ಅಂತ ಆನೆಗೂ ಹಾನೆ ಅಂದೆ. ಅವತ್ತು ಇನ್ನೂ ನಕ್ರು. ಆಮ್ಯಾಕೆ ಮೂರೊರ್ಸ ನಾನು ಬಾಯೇ ಬುಡ್ನಿಲ್ಲ. ನಿಮ್ ಪುಸ್ತಕದಲ್ಲಿರೋರು ನಮ್ಮಂತೋರು. ಅವ್ರ ಮಾತ್ಗೆ ಯಾರೂ ನಗ್ದೆ ಇರ್ಲಿ ಅಂತ ಒಸಿ ತಿದ್ದ್ಬುಟ್ಟೆ. ತಪ್ಪಾಯ್ತು.”

ಅಷ್ಟು ಹೇಳುವಾಗ ಅವರ ಎಚ್ಚರಿಕೆಯೆಲ್ಲ ಜಾರಿಹೋಗಿತ್ತು. ನನ್ನೊಂದಿಗೆ ಅವರು ತಮ್ಮ ಮಾತಿನಲ್ಲಿ ಮಾತಾಡಿದ್ದು ಅದೇ ಮೊದಲು. ನಾನು ಕರಗಬೇಕಿತ್ತು. ಕರಗಲಿಲ್ಲ. “ನನ್ನ ಆರು ವರ್ಷ ಮಣ್ಣುಪಾಲು ಮಾಡಿದ್ರಿ” ಎಂದು ಹೇಳಿ, ಕೈಬರಹದ ಪ್ರತಿಯನ್ನು ಕಸಿದುಕೊಂಡು ಬಂದೆ. ತಿದ್ದಿದ ಫೈಲನ್ನು ಹಳೆಯದರ ಮೇಲೆಯೇ ಉಳಿಸಿದ್ದರಿಂದ ಅಕ್ಕನ ಹತ್ತಿರ ನನ್ನ ಮೂಲದ್ದು ಏನೂ ಉಳಿಯಲಿಲ್ಲ.

ಪುಸ್ತಕ ಆಯ್ಕೆಯಾಗಲಿಲ್ಲ. ಟೈಪು ಮಾಡುವವಳು ಕೆಡಿಸಿದಳು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಮುಂದಿನ ಕಾದಂಬರಿಯನ್ನು ಮೈಸೂರಿನಲ್ಲಿ ಕೊಟ್ಟೆ. ಅಲ್ಲಿಯ ಹುಡುಗಿ ಒಂದು ಪ್ರಶ್ನೆಯನ್ನೂ ಕೇಳದೆ ನಾಲ್ಕೇ ದಿನದಲ್ಲಿ ಮುಗಿಸಿದಳು. ಆ ಕಾದಂಬರಿಯಲ್ಲಿ ಯಾರು ಉಂಡರು, ಯಾರು ಉಪವಾಸ ಇದ್ದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಎರಡು ವರ್ಷದ ಮೇಲೆ ಬೇರೇನೋ ಮಾತಾಡುವಾಗ ಪ್ರಕಾಶಕರು ಹೇಳಿದರು: “ಆ ವರ್ಷ ನಿಮ್ಮ ಪುಸ್ತಕಾನ ಆಯ್ಕೆಗೆ ಕಳಿಸೋದೇ ಮರೆತುಹೋಗಿತ್ತು. ನಾನು ಹೇಳಿರ್ಲಿಲ್ವಾ?”

ಅವತ್ತೇ ಅಕ್ಕನ ಅಂಗಡಿಗೆ ಹೋಗಬೇಕಿತ್ತು. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಎಂಟು ತಿಂಗಳು ಕಳೆದೆ. ತಾಲ್ಲೂಕು ಕಚೇರಿಗೆ ಕೆಲಸವಿದ್ದರೂ ಆಚೆ ಬೀದಿಯಿಂದ ಸುತ್ತಿ ಹೋಗುತ್ತಿದ್ದೆ. ಕೊನೆಗೊಂದು ಮಧ್ಯಾಹ್ನ ಧೈರ್ಯ ಮಾಡಿ ಹೋದರೆ ಅಕ್ಕನ ಯಜಮಾನರು ಒಬ್ಬರೇ ಜೆರಾಕ್ಸು ತೆಗೆಯುತ್ತಿದ್ದರು. ಅಕ್ಕ ತೀರಿಕೊಂಡು ಮೂರು ತಿಂಗಳಾಗಿತ್ತು. ಮೂತ್ರಪಿಂಡದ ಕಾಯಿಲೆ. ಯಜಮಾನರೇ ಸ್ಟೂಲು ಎಳೆದು ನನ್ನನ್ನು ಕೂರಿಸಿದರು.

“ನಿಮ್ ಪುಸ್ತಕಾನ ಸರಿ ಮಾಡ್ತಿದ್ಲು ಸಾ,” ಎಂದರು. “ಡಯಾಲಿಸಿಸ್ಗೆ ಓಗ್ವಾಗ್ಲೂ ಪ್ರಿಂಟು ಎತ್ಕಂಡೇ ಓಯ್ತಿದ್ಲು. ಮಲಗಿದ್ದಂಗೇ ಓದ್ಕಂಡು ಗುರ್ತು ಆಕದು, ಬಂದು ಟೈಪು ಮಾಡದು. ಒಂದು ಫೋನು ಮಾಡ್ಬುಡು ಅಂದ್ರೆ, ಪೂರ್ತಿ ಆಗ್ಲಿ, ನಾನೇ ತಕ್ಕಂಡೋಗಿ ಕೊಡ್ತೀನಿ ಅನ್ನಳು.” ನನ್ನ ಹೆಸರಿನ ಫೈಲನ್ನು ಹುಡುಕಿ ಪೆನ್‌ಡ್ರೈವಿಗೆ ಹಾಕಿಕೊಟ್ಟರು.

ಮನೆಗೆ ಬಂದು ನನ್ನ ಕೈಬರಹದ ಪ್ರತಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿದೆ. ಮೂಲವಿಲ್ಲದೆ ಬರೀ ತಮ್ಮ ಕಿವಿಯನ್ನು ನಂಬಿ ಅಕ್ಕ ಪ್ರತಿಯೊಂದು ಮಾತನ್ನೂ ವಾಪಸು ತಂದಿದ್ದರು. ಅದೂ ನಾನು ಬರೆದ ಹಾಗಲ್ಲ. ‘ಹೇಳಿದ’ ಎನ್ನಲು ನಾನು ‘ಏಳ್ದ’ ಎಂದು ಬರೆದ ಕಡೆ ಅವರದು ‘ಯೋಳ್ದ’. ನಾನು ‘ಹೊಲ’ವನ್ನು ಹೊಲವಾಗಿಯೇ ಬಿಟ್ಟ ಕಡೆ ‘ವಲ’. ಹತ್ತನೆಯ ವಯಸ್ಸಿಗೇ ಮೈಸೂರಿನ ಹಾಸ್ಟೆಲು ಸೇರಿದ ನಾನು ನಮ್ಮೂರ ಮಾತು ಬರೆಯುತ್ತೇನೆಂದು ಬೀಗುತ್ತಿದ್ದೆ. ಅಕ್ಕನ ಪುಟಗಳಲ್ಲಿ ನನ್ನ ತಾಯಿಯ ದನಿ ಕೇಳಿಸಿತು. ನಾನು ಅತ್ತುಬಿಟ್ಟೆ. ಆ ಜನರ ಮಾತಿಗೆ ಯಾರೋ ನಗುತ್ತಾರೆಂಬ ಭಯ ಅಕ್ಕನಿಗೆ ಯಾವಾಗ ಹೋಯಿತೋ ನನಗೆ ತಿಳಿಯದು.

ನೂರ ಹನ್ನೆರಡನೆಯ ಪುಟದ ನಡುವೆ ಅದು ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಮತ್ತೆ ಹಳ್ಳಿ, ಮತ್ತೆ ಹೋಗು.

ಮೊದಲ ಮುದ್ರಣವೇ ಗೋಡೌನಿನಲ್ಲಿ ಕೂತಿದೆ, ಎರಡನೆಯದು ಯಾಕೆ ಎನ್ನುತ್ತಾರೆ ಪ್ರಕಾಶಕರು. ಆದರೂ ಉಳಿದ ಪುಟಗಳನ್ನು ಸರಿ ಮಾಡಲೇಬೇಕೆಂದು ದಿನಾ ಬೆಳಿಗ್ಗೆ ಕೂರುತ್ತೇನೆ. ನನ್ನ ಕೈಬರಹದ ಪ್ರತಿಯನ್ನು ಈಗ ನಂಬಲಾರೆ. ಒಂದು ಸಾಲು ತಿದ್ದುತ್ತೇನೆ. ಅಕ್ಕ ಇದನ್ನು ಹೀಗೆ ಅನ್ನುತ್ತಿದ್ದರೋ, ಬೇರೆ ರೀತಿ ಅನ್ನುತ್ತಿದ್ದರೋ ಗೊತ್ತಾಗುವುದಿಲ್ಲ. ಕೇಳಿ ತಿಳಿಯಬಹುದಾಗಿದ್ದ ಒಬ್ಬರೇ ಒಬ್ಬರನ್ನು ನಾನು ಅಂಗಡಿ ತುಂಬ ಜನರ ಮುಂದೆ ಬೈದು ಬಂದಿದ್ದೆ.