ಆರತಿ ಬರುವ ತನಕ

ಆದೋನಿಯಲ್ಲಿ ನನ್ನ ಮೊದಲ ಬೆಳಿಗ್ಗೆ ಚಹಾದ ಮೇಲೆ ಹತ್ತಿಯ ಎಳೆಯೊಂದು ತೇಲುತ್ತಿತ್ತು. ನಾನು ಲೋಟವನ್ನು ದಿಟ್ಟಿಸುತ್ತಿರುವುದನ್ನು ಕಂಡ ಮನೆಯೊಡತಿ ಪದ್ಮಾವತಮ್ಮ, "ಊದಿ ಕುಡೀರಿ. ಈ ಊರಾಗ ಎಲ್ಲಾರೂ ಊದೇ ಕುಡಿಯೋದು" ಅಂದರು.

ಮೈಸೂರಿನ ಗೆಳೆಯರಿಗೆ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಆದರೆ ನಾನು ಇಲ್ಲಿನ ಕಾಲೇಜಿಗೆ ಇತಿಹಾಸದ ಮೇಷ್ಟರಾಗಿ ಬಂದದ್ದು ಜೂನ್ ತಿಂಗಳಲ್ಲಿ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆಗಳು ಶುರುವಾಗುವುದು ದೀಪಾವಳಿಯ ಆಸುಪಾಸಿನಲ್ಲಿ. ಅಲ್ಲಿಯವರೆಗೆ ಗಾಳಿಯಲ್ಲಿ ಧೂಳು ಬಿಟ್ಟರೆ ಬೇರೇನೂ ಹಾರುವುದಿಲ್ಲ. ಆಮೇಲಿನ ಯಾವುದೋ ಬೆಳಿಗ್ಗೆಯನ್ನು ತಂದು ಮೊದಲ ಬೆಳಿಗ್ಗೆಯ ಜಾಗದಲ್ಲಿ ಇಟ್ಟುಕೊಂಡಿದ್ದೇನೆ ಅನ್ನಿಸುತ್ತದೆ. ಹಾಗಾಗಿ ಮುಂದೆ ಬರೆಯುವುದನ್ನೂ ನೀವು ಊದಿಯೇ ಕುಡಿಯಬೇಕು.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ಮೈಸೂರಿನಲ್ಲಿ ಮರದ ನೆರಳು ಹುಡುಕಬೇಕಾಗಿರಲಿಲ್ಲ. ಇಲ್ಲಿ ಗೋಡೆಯ ನೆರಳು ಯಾವ ಹೊತ್ತಿಗೆ ಯಾವ ಕಡೆ ಬೀಳುತ್ತದೆಂದು ಕಲಿಯಬೇಕಾಯಿತು. ಅಲ್ಲಿ ಬೆಳಿಗ್ಗೆ ಇಡ್ಲಿ ತಿನ್ನುತ್ತಿದ್ದವನು ಇಲ್ಲಿ ಉಗ್ಗಾಣಿಗೆ ಒಗ್ಗಿಕೊಂಡೆ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹುರಿಗಡಲೆ ಪುಡಿ ಹಾಕಿ ಒಗ್ಗರಣೆ ಕೊಟ್ಟದ್ದೇ ಉಗ್ಗಾಣಿ. ಜೊತೆಗೆ ಕಣ್ಣಲ್ಲಿ ನೀರು ಬರಿಸುವ ಮಿರ್ಚಿ ಬಜ್ಜಿ. ಭಾಷೆಯ ವಿಷಯದಲ್ಲಿ ನನ್ನ ಲೆಕ್ಕಾಚಾರ ಪೂರ್ತಿ ತಪ್ಪಿತ್ತು. ಆಂಧ್ರ, ಆದ್ದರಿಂದ ತೆಲುಗು ಎಂದುಕೊಂಡು ಬಸ್ಸಿನಲ್ಲಿ ಒಂದಿಷ್ಟು ತೆಲುಗು ವಾಕ್ಯಗಳನ್ನು ಉರುಹೊಡೆದು ಬಂದಿದ್ದೆ. ಪದ್ಮಾವತಮ್ಮ ಅವನ್ನು ಕೊನೆಯವರೆಗೆ ಕೇಳಿಸಿಕೊಂಡು, "ಕನ್ನಡದಾಗ ಹೇಳ್ರಿ, ತೆಲುಗಿನವರು ಕೇಳಿದರ ಬೇಜಾರು ಮಾಡಿಕೊಂಡಾರು" ಅಂದರು. ಅವರ ಕನ್ನಡ ನನ್ನ ಕನ್ನಡವಲ್ಲ. ಅಡುಗೆಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಒಂದೇ ವಾಕ್ಯದ ನಡುವೆ ಹೊಸ್ತಿಲು ದಾಟಿದರೆ ಎರಡೂ.

ಸಂಜೆಗಳು ಉದ್ದವಾಗಿದ್ದವು. ಮೈಸೂರಿನ ಹಾಸ್ಟೆಲ್ಲಿನಲ್ಲಿ ವಿದೇಶಿ ವಿದ್ಯಾರ್ಥಿಯೊಬ್ಬನ ರೆಕಾರ್ಡುಗಳನ್ನು ಕೇಳಿ, ಅವನಿಂದಲೇ ಕೊಂಡಿದ್ದ ಗಿಟಾರು ನನ್ನ ಬಳಿ ಇತ್ತು. ಅದನ್ನು ಮಾಳಿಗೆಯ ಮೇಲೆ ಕೂತು ನುಡಿಸುತ್ತಿದ್ದೆ. ಕೇಳುವವರಿಲ್ಲವೆಂದುಕೊಂಡಿದ್ದೆ. ಒಂದು ಸಂಜೆ ಪದ್ಮಾವತಮ್ಮನ ಮಗ ಗುರುರಾಜ ಮೆಟ್ಟಿಲು ಹತ್ತಿ ಬಂದು, ಅದೇ ಧಾಟಿಗೆ ಒಂದು ದೇವರನಾಮವನ್ನು ಹೊಂದಿಸಿ ಹಾಡಿದ. ತಹಶೀಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನ ಗಂಟಲು ದೊಡ್ಡದು. ಕೆಳಗಿನಿಂದ ತಾಯಿ ಕೂಗಿದರು: "ದೇವರ ಹಾಡಿಗೆ ಅದೆಂಥಾ ಕುಣಿತನೋ? ದೇವರು ಎದ್ದು ಓಡಿ ಹೋದಾನು!"

"ಓಡಿದರ ಎಲ್ಲಿಗೆ ಹೋಗ್ತಾನ್ಬೇ, ತುಂಗಭದ್ರಾ ಹೊಳಿ ತನಕ. ಅಲ್ಲಿಂದ ಹಿಡಕೊಂಡು ಬರ್ತೀನಿ."

ಗುರುರಾಜನೇ ಮಹಬೂಬನನ್ನು ಕರೆತಂದ. ಮಹಬೂಬನದು ರೇಡಿಯೊ ರಿಪೇರಿ ಅಂಗಡಿ. ಶಾರ್ಟ್‌ವೇವಿನಲ್ಲಿ ಎಲ್ಲೆಲ್ಲಿಯದೋ ಇಂಗ್ಲಿಷ್ ಹಾಡು ಕೇಳಿ ಕಿವಿ ಕೆಡಿಸಿಕೊಂಡವನು. ಗುಂಡಿ ಒತ್ತಿ ತಂತಿ ಮೀಟುವ ಬೆಂಜೊ ಅವನ ವಾದ್ಯ. ಅದರೊಳಗೆ ತಾನೇ ಸುತ್ತಿದ ತಾಮ್ರದ ಸುರುಳಿ ಇಟ್ಟು ಆಂಪ್ಲಿಫೈಯರಿಗೆ ಸಿಕ್ಕಿಸಿದ್ದ. ಮೀಟಿದರೆ ತಗಡು ಹರಿದಂಥ ಸದ್ದು. ಡ್ರಮ್ಮಿಗೆ ಈರಣ್ಣ ಬಂದ. ನಾಗಲದಿನ್ನೆಯ ರೈತರ ಮಗ, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಕರೆಂಟು ಹೋದಾಗಲೆಲ್ಲ ಜನ ಅವನನ್ನು ಬೈಯುತ್ತಿದ್ದರು, ಅವನು ಮಹಬೂಬನನ್ನು ಬೈಯುತ್ತಿದ್ದ: "ನಿನ್ನ ತಂತಿ ಪೆಟ್ಟಿಗಿ ಊರ ಕರೆಂಟೆಲ್ಲಾ ಕುಡೀತೈತಿ."

ತಂಡದ ಹೆಸರಿಗೆ ಜಗಳವಾಯಿತು. ಈರಣ್ಣನಿಗೆ ಉರುಕುಂದದ ದೇವರ ಹೆಸರು ಬೇಕಿತ್ತು. "ಅದು ನಿನ್ನ ಹೆಸರೇ ಅಲ್ಲೇನಯ್ಯಾ" ಎಂದು ಗುರುರಾಜ ತಡೆದ. ಕೊನೆಗೆ ಮಹಬೂಬ ಹೇಳಿದ 'ಬಿಜಲಿ' ಉಳಿಯಿತು. ಅವನ ಮನೆಮಾತಾದ ದಖ್ಖನಿ ಉರ್ದುವಿನಲ್ಲಿ ಅದು ಮಿಂಚು ಎಂದೂ ಆಗುತ್ತದೆ, ಕರೆಂಟು ಎಂದೂ ಆಗುತ್ತದೆ. ಒಂದು ಮಾತಿಗೆ ಮಾತ್ರ ನಾಲ್ವರೂ ಒಪ್ಪಿದೆವು: ಸಿನಿಮಾ ಹಾಡು ನುಡಿಸುವ ತಂಡಗಳು ಬೇಕಾದಷ್ಟಿವೆ, ನಮ್ಮದು ಸ್ವಂತ ಹಾಡು.

ಮೊದಲ ಹಾಡು ಹುಟ್ಟಿದ್ದು ಮಾಧವರಂನಲ್ಲಿ. ಗುರುರಾಜನ ಸೋದರಮಾವನ ಮನೆಗೆ ಹೋಗಿದ್ದಾಗ ತುಂಗಭದ್ರೆಯ ದಡದಲ್ಲಿ ಕೂತಿದ್ದೆವು. ಆಚೆ ದಡ ಕರ್ನಾಟಕ. ಹರಿಗೋಲಿನಲ್ಲಿ ಜನ ಬೆಲ್ಲ, ಕೋಳಿ, ಹೊಸ ಸೊಸೆಯನ್ನು ಕೂರಿಸಿಕೊಂಡು ಹೋಗಿ ಬರುತ್ತಿದ್ದರು. ನಾನು ನಾಲ್ಕು ಚರಣ ಬರೆದು ತೋರಿಸಿದೆ. ಗುರುರಾಜ ಓದಿ, "ಸಾರ್, ಇದು ಪರೀಕ್ಷಾ ಪೇಪರ್ ಇದ್ದಂಗೈತಿ" ಎಂದು ತನ್ನ ಬಾಯಿಗೆ ತಿದ್ದಿಕೊಂಡ:

ಹೊಳಿ ದಾಟಿದರ ಊರೈತಿ,
ಊರ ದಾಟಿದರ ಏನೈತಿ?

ಹೀಗೆ ಮೊದಲ ಮೂರು ಚರಣಗಳೂ ಪ್ರಶ್ನೆಯಲ್ಲಿ ನಿಲ್ಲುತ್ತಿದ್ದವು. ಮೂರನೆಯದು: "ಹೆಸರ ಕೇಳಿದರ ಹೇಳೇನು, ಊರ ಕೇಳಿದರ ಏನ್ ಹೇಳಲಿ?" ನಾಲ್ಕನೆಯದು ಉತ್ತರ: "ಹಿಂದಕ ಹೊಳ್ಳಿದರ ಮನಿ ಐತಿ, ಮನ್ಯಾಗ ನನ್ನ ಹೆಸರೈತಿ." ಆ ಉತ್ತರಕ್ಕಾಗಿಯೇ ನಾನು ಹಾಡು ಬರೆದದ್ದು. ಇಲ್ಲಿರುವುದು ಸ್ವಲ್ಪ ಕಾಲ, ಆಮೇಲೆ ಮೈಸೂರು ಎಂಬುದನ್ನು ಹತ್ತು ಜನರೆದುರು ಗಟ್ಟಿಯಾಗಿ ಹೇಳಿಸಬೇಕೆಂಬ ಆಸೆ. ಉಳಿದವರು ಆ ಚರಣಕ್ಕೆ 'ಸಾರ್ ಟಿಕೇಟು' ಎಂದು ಹೆಸರಿಟ್ಟರು.

ಅಭ್ಯಾಸಕ್ಕೆ ಜಿನ್ನಿಂಗ್ ಕಾರ್ಖಾನೆಯೊಂದರ ಖಾಲಿ ಗೋದಾಮು ಸಿಕ್ಕಿತ್ತು. ಮಳೆಗಾಲ ಪೂರ್ತಿ ಅಲ್ಲಿ ಕಿರುಚಾಡಿದೆವು. ಹತ್ತಿ ಬರಲು ಶುರುವಾದದ್ದೇ ಗೋದಾಮು ತುಂಬಿತು, ನಾವು ಬೀದಿಗೆ ಬಿದ್ದೆವು. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಅದೇ ಹೊತ್ತಿಗೆ ಮದುವೆಯ ಕಾಲ ಬಂತು. ಈರಣ್ಣನ ನೆಂಟರೊಬ್ಬರು, ಮದುಮಗನ ಮೆರವಣಿಗೆಯಲ್ಲಿ ನುಡಿಸುವಿರಾ ಎಂದು ಕೇಳಿದರು.

ಮೈಸೂರಿನಲ್ಲಿ ಸಂಗೀತವೆಂದರೆ ಜನ ಬಂದು ಕೂರುತ್ತಾರೆ. ಇಲ್ಲಿ ಸಂಗೀತವೇ ನಡೆದು ಹೋಗುತ್ತದೆ. ಜನ ಬಾಗಿಲಲ್ಲಿ ನಿಂತು ತಮ್ಮ ಪಾಲಿನಷ್ಟನ್ನು ಕೇಳಿಕೊಳ್ಳುತ್ತಾರೆ. ಡೋಲು ಹೊತ್ತವನು ನಡೆಯಬಲ್ಲ, ಕರೆಂಟಿನ ವಾದ್ಯ ನಡೆಯುವುದು ಹೇಗೆ? ಮಹಬೂಬ ಒಂದು ತಳ್ಳುಗಾಡಿಯ ಮೇಲೆ ಲಾರಿ ಬ್ಯಾಟರಿ, ಆಂಪ್ಲಿಫೈಯರ್, ಎರಡು ಹಾರ್ನು ಸ್ಪೀಕರು ಕಟ್ಟಿದ. ಡ್ರಮ್ಮುಗಳನ್ನೂ ಅದಕ್ಕೇ ಬಿಗಿದೆವು. ಈರಣ್ಣ ಗಾಡಿಯ ಹಿಂದೆ ನಡೆಯುತ್ತ ಬಾರಿಸುವನು. ನಾನು, ಗುರುರಾಜ, ಕೊರಳಿಗೆ ಬೆಂಜೊ ತೂಗುಹಾಕಿಕೊಂಡ ಮಹಬೂಬ, ಮೂವರೂ ಗಿಡ್ಡ ವೈರುಗಳಲ್ಲಿ ಗಾಡಿಗೆ ಕಟ್ಟಿಕೊಂಡ ಮೇಕೆಗಳಂತೆ ಜೊತೆಗೆ ಹೆಜ್ಜೆ ಹಾಕಬೇಕು. ಮೊದಲ ಮೆರವಣಿಗೆಯಲ್ಲಿ ನಿಜವಾದ ಮೇಕೆಯೊಂದು ನಮ್ಮ ನಡುವೆ ನುಗ್ಗಿ ಗುರುರಾಜನ ಮೈಕನ್ನು ಎಳೆದುಕೊಂಡು ಓಡಿತು. ಬಾಗಿಲಲ್ಲಿದ್ದ ಮುದುಕಿಯೊಬ್ಬಳು ಕೂಗಿದಳು: "ಬಿಡ್ರೋ, ಅದೂ ಒಂದು ಹಾಡು ಹೇಳ್ಲಿ!"

ನಮ್ಮ ಹಾಡುಗಳು ನಡಿಗೆಯ ವೇಗಕ್ಕೆ ಇಳಿದವು. ಅದರಿಂದ ಅವು ಉತ್ತಮವಾದವೆಂದು ಈಗ ಅನ್ನಿಸುತ್ತದೆ; ಆಗ ಹಾಗೆ ಅನ್ನಿಸಿತ್ತೇ, ಹೇಳಲಾರೆ. ವರನ ಕಡೆಯವರಿಗೆ ಸಿನಿಮಾ ಹಾಡು ಬೇಕೇ ಬೇಕು. ಸ್ವಂತ ಹಾಡು ನುಡಿಸಲು ಬಂದ ನಾವು ಅದಕ್ಕೆ ತಲೆಬಾಗಿ ಒಂದು ಒಪ್ಪಂದಕ್ಕೆ ಬಂದೆವು: ಕೊನೆಯ ತಿರುವು ದಾಟಿದ ಮೇಲೆ ನಮ್ಮದು. ಆದರೆ ಕೊನೆಯ ತಿರುವಿನ ಆಚೆ ಹೆಣ್ಣಿನ ಮನೆ. ಮದುಮಗ ಬಾಗಿಲಿಗೆ ಬಂದ ಕೂಡಲೇ ಹೆಂಗಸರು ಆರತಿ ತಟ್ಟೆ ಹಿಡಿದು ಬರುತ್ತಾರೆ, ಆರತಿಯ ಹಾಡು ಹೇಳುತ್ತಾರೆ. ಆ ಹಾಡು ಕೇಳಬೇಕಾದರೆ ಉಳಿದ ಸದ್ದೆಲ್ಲ ನಿಲ್ಲಬೇಕು. ಎತ್ತರದ ಆಳಾದ ಈರಣ್ಣ ತಲೆಗಳ ಮೇಲಿಂದ ದೀಪ ಕಂಡೊಡನೆ ಡ್ರಮ್ಮಿನ ಮೇಲೆ ಕೋಲುಗಳನ್ನು ಉದ್ದಕ್ಕೆ ಉರುಳಿಸಿ ಒಂದು ಪೆಟ್ಟು ಕೊಡುವನು. ನಾವೆಲ್ಲ ಅಲ್ಲಿಗೇ ನಿಲ್ಲುವೆವು. ನಾಲ್ಕನೆಯ ಚರಣ ಒಮ್ಮೆಯೂ ಬರಲಿಲ್ಲ.

"ಈವತ್ತೂ ಟಿಕೇಟು ಸಿಗಲಿಲ್ಲ ಸಾರ್" ಎಂದು ಗುರುರಾಜ ವೈರು ಸುತ್ತುತ್ತ ನಗುವನು.

"ನಿಧಾನಕ್ಕ ನಡೀರೋ" ಎಂದು ನಾನು.

"ನಿಧಾನಾನಾ? ಮದುಮಗ ಓಡಾಕ ಹತ್ಯಾನ. ಅವನ ಆತ್ರ ನಿಮಗೇನ್ ಗೊತ್ತು, ನೀವಿನ್ನೂ ಒಂಟಿ" ಎಂದು ಈರಣ್ಣ.

ಆದೋನಿ, ಎಮ್ಮಿಗನೂರು, ಕೋಸಿಗಿ ಬೀದಿಗಳಲ್ಲಿ ಎರಡು ಮದುವೆಯ ಕಾಲ ಹೀಗೇ ಕಳೆಯಿತು. ಮೂರನೆಯ ಚರಣದ ಪ್ರಶ್ನೆ ಊರಿನ ಬಾಯಿಗೆ ಬಿತ್ತು. ಉಗ್ಗಾಣಿ ಅಂಗಡಿಯಲ್ಲಿ ನನ್ನನ್ನು ಕಂಡರೆ ಯಾರಾದರೂ "ಊರ ಕೇಳಿದರ?" ಅನ್ನುವರು, ಇನ್ನೊಬ್ಬರು "ಏನ್ ಹೇಳಲಿ?" ಅನ್ನುವರು. ಉತ್ತರವಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ನನಗೆ ಇದು ಸಣ್ಣಗೆ ಕೊರೆಯುತ್ತಿತ್ತು.

ಆಮೇಲೆ ರಾಯಚೂರಿನ ಕರೆ ಬಂತು. ಯಾವುದೋ ಮದುವೆಯಲ್ಲಿ ನಮ್ಮನ್ನು ಕೇಳಿದ ಅಲ್ಲಿನ ಕಲಾಸಂಘದವರೊಬ್ಬರು ತಮ್ಮ ಹಾಲಿನಲ್ಲಿ ನುಡಿಸಲು ಕರೆದಿದ್ದರು. ವೇದಿಕೆ, ಪರದೆ, ಗೋಡೆಯಿಂದ ಬರುವ ಕರೆಂಟು, ಕುರ್ಚಿಯಲ್ಲಿ ಕೂತ ಜನ. ಮೆರವಣಿಗೆಯಿಲ್ಲ, ಬಾಗಿಲಿಲ್ಲ. "ಈ ಸಲ ಟಿಕೇಟು ಖಾತ್ರಿ" ಅಂದ ಮಹಬೂಬ. ರೈಲು ತುಂಗಭದ್ರೆಯ ಸೇತುವೆ ದಾಟುವಾಗ ಗುರುರಾಜ ನಾಲ್ಕನೆಯ ಚರಣವನ್ನು ಕಿಟಕಿಯಿಂದಾಚೆಗೆ ಮೆಲ್ಲಗೆ ಹೇಳಿ ನೋಡಿಕೊಂಡ.

ಹಾಲಿನಲ್ಲಿ ಸ್ವಾಗತಕ್ಕೆ ನಿಂತವರು, "ಆಂಧ್ರದಿಂದ ಬಂದು ಕನ್ನಡ ಹಾಡ್ತೀರಲ್ಲ, ಸಂತೋಷ" ಎಂದರು. ಈರಣ್ಣ ನನ್ನ ಕಿವಿಯಲ್ಲಿ, "ಅರ್ಧ ಬೀಗರು ಇಲ್ಲೇ ಅದಾರ. ಯಾವಾಗಿಂದ ಆಂಧ್ರದವರಾದೆವ್ರಿ ನಾವು?" ಅಂದ. ಆದೋನಿಯಲ್ಲಿ ನಾನು ಮೈಸೂರಿನವನು. ರಾಯಚೂರಿನಲ್ಲಿ ಆ ಮೂವರ ಜೊತೆ ನಾನೂ ಆಂಧ್ರದವನಾಗಿದ್ದೆ. ತಿದ್ದಬಹುದಿತ್ತು, ತಿದ್ದಲಿಲ್ಲ.

ಹಾಡು ಚೆನ್ನಾಗಿಯೇ ಹೋಯಿತು. ಜನ ಕೂತು, ಸುಮ್ಮನಿದ್ದು ಕೇಳುತ್ತಿದ್ದರು. ಆ ಮೌನವೇ ನಮಗೆ ಹೊಸದು. ನಿಂತಲ್ಲೇ ಕಾಲು ಹೆಜ್ಜೆ ಹಾಕುತ್ತಿದ್ದವು. ಮೂರನೆಯ ಚರಣ ಮುಗಿಯುತ್ತಿದ್ದಂತೆ ಪರದೆಯ ಬದಿಯಿಂದ ಸಂಘದ ಹೆಣ್ಣುಮಗಳೊಬ್ಬರು ತಟ್ಟೆ ಹಿಡಿದು ಬಂದು ನಿಂತರು. ಕೊನೆಯಲ್ಲಿ ನಮಗೆ ಹಾಕಲು ತಂದ ಹಾರಗಳು, ನಡುವೆ ಒಂದು ಪುಟ್ಟ ದೀಪ. ಅವರು ಕಾಯುತ್ತಿದ್ದರು ಅಷ್ಟೆ. ಈರಣ್ಣನ ಕೋಲುಗಳು ಡ್ರಮ್ಮಿನ ಮೇಲೆ ಉದ್ದಕ್ಕೆ ಉರುಳಿದವು, ಒಂದು ಪೆಟ್ಟು ಬಿತ್ತು. ನಾವೆಲ್ಲ ನಿಂತೆವು, ಅಷ್ಟು ಚೊಕ್ಕವಾಗಿ ಎಂದೂ ನಿಂತಿರಲಿಲ್ಲ. ಗುರುರಾಜ ನಾಲ್ಕನೆಯ ಚರಣಕ್ಕೆಂದು ಎಳೆದುಕೊಂಡಿದ್ದ ಉಸಿರನ್ನು ಮೈಕಿನ ಮುಂದೆಯೇ ಬಿಟ್ಟ. ಆ ಉಸಿರು ಹಾಲಿನ ತುಂಬ ಕೇಳಿಸಿತು. ಆಮೇಲೆ ಚಪ್ಪಾಳೆ. ಹಾರ ಹಾಕಿದವರು, "ಪ್ರಶ್ನೆಯಲ್ಲೇ ನಿಲ್ಲಿಸಿದ್ದು ಬಹಳ ಚಂದ" ಎಂದರು.

ಮರಳುವ ರೈಲಿನಲ್ಲಿ ಈರಣ್ಣ ತಲೆ ಎತ್ತಲಿಲ್ಲ. "ದೀಪ ಕಂಡೆ. ಕೈ ತಾನಾಗೇ ಹೋತು. ನಾನು ಕೆಡಿಸಿದೆ."

"ನಕ್ಕೋ, ನಕ್ಕೋ," ಮಹಬೂಬ ಅವನನ್ನು ತಡೆದ. ದಖ್ಖನಿಯಲ್ಲಿ ಬೇಡ ಎನ್ನಲು ಅದೇ ಮಾತು. "ನೀನು ಉರುಳಿಸೋಕಿಂತ ಮೊದಲೇ ಗಿಟಾರು ನಿಂತಿತ್ತು. ನಾನು ಸಾರ್ ಪಕ್ಕದಾಗೇ ಇದ್ದೆ. ಸಾರ್ ತಂತಿ ಮ್ಯಾಲ ಅಂಗೈ ಇಟ್ಟರು, ಆಮ್ಯಾಲ ನೀನು."

"ಇಲ್ಲ" ಎಂದೆ. ನನಗೆ ನೆನಪಿದ್ದದ್ದು ಮೊದಲು ಡ್ರಮ್ಮು, ಆಮೇಲೆ ನಾನು.

"ಹೋಗ್ಲಿ ಬಿಡ್ರಿ" ಎಂದ ಗುರುರಾಜ.

ಆ ದಿನದ ಡೈರಿಯಲ್ಲಿ ನಾನು ಬರೆದದ್ದು: "ರಾಯಚೂರು. ಚಪ್ಪಾಳೆ." ಅದರಿಂದ ಏನೂ ತಿಳಿಯುವುದಿಲ್ಲ. ಬರೆಯುವಾಗಲೇ ತಿಳಿಯದಿರಲೆಂದು ಹಾಗೆ ಬರೆದೆನೋ ಎಂಬುದೂ ತಿಳಿಯುವುದಿಲ್ಲ.

ಆ ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋದೆ. ಅಕ್ಕ ನಮ್ಮ ಮನೆಯ ನಡುಮನೆಯಲ್ಲಿ ಗೆಳತಿಯರನ್ನು ಕೂರಿಸಿ, ನಿಮ್ಮ ಬ್ಯಾಂಡಿನ ಹಾಡು ಹಾಡು ಎಂದಳು. ನನ್ನ ಗಂಟಲು ಗುರುರಾಜನದಲ್ಲ, ಆದರೂ ಹಾಡಿದೆ. ಆರತಿಯಿಲ್ಲ, ಡ್ರಮ್ಮಿಲ್ಲ, ತಡೆಯುವವರಿಲ್ಲ. ನಾಲ್ಕನೆಯ ಚರಣಕ್ಕೆ ಬಂದೆ, ಪೂರ್ತಿ ಹಾಡಿದೆ. ಹಿಂದಕ ಹೊಳ್ಳಿದರ ಮನಿ ಐತಿ, ಮನ್ಯಾಗ ನನ್ನ ಹೆಸರೈತಿ. ಆ ಮನೆಯಲ್ಲೇ ಕೂತು, ಆ ಮನೆಗೇ ಹೇಳುತ್ತಿದ್ದೆ. ಯಾರದೋ ಮಾತನ್ನು ಒಪ್ಪಿಸುತ್ತಿದ್ದಂತೆ ಇತ್ತು.

ಅಕ್ಕ ನಗುತ್ತಿದ್ದಳು. "ಇದೇನೋ ಐತಿ, ಹೊಳ್ಳಿದರ? ನಿಮ್ಮೂರಲ್ಲಿ ಎಲ್ಲಾ ಹೀಗೇ ಮಾತಾಡ್ತಾರಾ?"

ನಿಮ್ಮೂರು ಎಂದಳು. ಬೇಕೆಂದು ಅಂದದ್ದಲ್ಲ. ನಾನೂ "ಹೌದು, ಹೀಗೇ" ಎಂದುಬಿಟ್ಟಿದ್ದೆ.

ಜೂನ್‌ನಲ್ಲಿ ಮರಳಿದೆ. ಪದ್ಮಾವತಮ್ಮ ಚಹಾ ಕೊಟ್ಟು, "ಮನ್ಯಾಗ ಎಲ್ಲಾರೂ ಅರಾಮ್ ಅದಾರೇನು?" ಎಂದು ವಿಚಾರಿಸಿದರು. ಗುರುರಾಜ ಮೆಟ್ಟಿಲ ಮೇಲಿಂದಲೇ ಕೇಳಿದ: "ಟಿಕೇಟು ಹರಿಸಿದ್ರಾ ಸಾರ್?"

"ಹರಿಸಿದೆ."

"ಹೆಂಗಿತ್ತು?"

"ಗುರುರಾಜ, ಮೂರು ಚರಣ ಸಾಕು ಅನ್ನಿಸ್ತದ."



ಮಳೆ ಮುಗಿದು ಮತ್ತೆ ಮದುವೆಗಳು ಶುರುವಾದವು. ಮೊದಲ ಮೆರವಣಿಗೆ ಆದೋನಿಯದೇ. ಅಭ್ಯಾಸ ತಪ್ಪಿದ್ದ ಗಾಡಿ ಒಂದು ಕಡೆಗೆ ವಾಲುತ್ತಿತ್ತು, ಹತ್ತಿಯ ಎಳೆಗಳು ಹಾರ್ನಿನ ಬಾಯಿಗೆ ಮೆತ್ತಿಕೊಳ್ಳುತ್ತಿದ್ದವು. ಕೊನೆಯ ತಿರುವು ದಾಟಿ ನಮ್ಮ ಹಾಡು ಎತ್ತಿಕೊಂಡೆವು. ಗುರುರಾಜ "ಊರ ಕೇಳಿದರ" ಎಂದು ಎಳೆದ. ಬಾಗಿಲುಗಳಲ್ಲಿ ನಿಂತವರು "ಏನ್ ಹೇಳಲಿ" ಎಂದು ಮುಗಿಸಿದರು. ಅಷ್ಟು ದೂರದಲ್ಲಿ ಹೆಣ್ಣಿನ ಮನೆಯ ಹೊಸ್ತಿಲು. ಹೆಂಗಸರ ನಡುವೆ ದೀಪವೊಂದು ಕಂಡಿತು. ಈರಣ್ಣ ಇನ್ನೂ ಬಾರಿಸುತ್ತಿದ್ದ. ನಾನು ತಂತಿಗಳ ಮೇಲೆ ಅಂಗೈ ಇಟ್ಟೆ.

ಈ ಸಲ ಯಾರು ಮೊದಲು ನಿಂತರೆಂದು ನನಗೆ ಗೊತ್ತು.