ನಾಲ್ಕನೇ ಕ್ಲಾಸಿನ ಡೈರಿ

ಬೂಕನಕೆರೆ ಹತ್ತಿರದ ನಮ್ಮ ಶಾಲೆಯಲ್ಲಿ ಆ ವಾರದ ವಿಷಯ ‘ಊರಿನ ಕಸುಬುಗಳು’. ನಾಲ್ಕನೇ ಕ್ಲಾಸಿನ ಮಕ್ಕಳು ಬೆಂಚು ಜೋಡಿಸಿ ಹಾಲಿನ ಡೈರಿ ಮಾಡಿದರು. ಹಾಲಿಗೆ ನೀರು ಬೆರೆತಿದ್ದರೆ ತೋರಿಸುವ ಲ್ಯಾಕ್ಟೋಮೀಟರನ್ನು ಊರ ಡೈರಿಯಿಂದ ನಾನೇ ಕೇಳಿ ತಂದಿದ್ದೆ. ದಿನಾ ಡೈರಿಗೆ ಹೋಗಿಬರುವ ಪವಿತ್ರ ನಮ್ಮ ಡೈರಿಯ ಕಾರ್ಯದರ್ಶಿಯಾಗಿ ಕೂತಳು. ನಾನೂ ಮನೆಯಿಂದ ತಂದ ಹಾಲು ಹಿಡಿದು ಗತ್ತಿನಲ್ಲಿ ಸಾಲಿಗೆ ನಿಂತೆ.

ಗಾಜಿನ ಕಡ್ಡಿ ತೇಲಿಬಿಟ್ಟು ನೋಡಿದವಳೇ, “ನೀರಾಕಿದ್ದೀರ ಮಿಸ್, ವಾಪಸ್ ತಗೊಂಡೋಗಿ” ಅಂದಳು. ಕ್ಲಾಸೆಲ್ಲ ಗೊಳ್ಳೆಂದಿತು.

ನನಗೆ ಉರಿದುಹೋಯಿತು. “ನಿಮ್ಮವ್ವ ಬೆಳಿಗ್ಗೆ ಕೊಟ್ಟ ಹಾಲೇ ಕಣೇ ಇದು!”

ಹುಡುಗಿ ಒಂಚೂರೂ ಅಳುಕಲಿಲ್ಲ. “ಡೈರಿಗಾದ್ರೆ ನಮ್ಮವ್ವ ನೀರಾಕಲ್ಲ ಮಿಸ್. ಅಲ್ಲಿ ಇದು ಐತಲ್ಲ!”

ಈಗ ನಮ್ಮನೆ ಕಿಟಕಿಯಲ್ಲಿ, ಅವಳವ್ವನಿಗೆ ಕಾಣುವ ಹಾಗೆ, ಒಂದು ಲ್ಯಾಕ್ಟೋಮೀಟರು ನಿಂತಿದೆ. ಅದನ್ನು ನೋಡೋದು ನನಗೆ ಇನ್ನೂ ಬರಲ್ಲ. ಹಾಲು ಮಾತ್ರ ಗಟ್ಟಿಯಾಗಿದೆ.